ಸನ್ಮಾನವಾದ ಮೇಲೆ ನಿಂತ ಸೈಕಲ್ಲು

ಒಬ್ಬ ಮನುಷ್ಯ ಮಾಡುತ್ತಿರುವ ಒಳ್ಳೆಯ ಕೆಲಸವನ್ನು ನಿಲ್ಲಿಸಬೇಕೆಂದಿದ್ದರೆ ಅವನನ್ನು ಬೈಯಬೇಡಿ, ಹೆದರಿಸಬೇಡಿ. ಬೈದರೆ ಹಟಕ್ಕೆ ಬೀಳುತ್ತಾನೆ, ಹೆದರಿಸಿದರೆ ಕದ್ದು ಮಾಡುತ್ತಾನೆ. ಸುಮ್ಮನೆ ಕರೆದು ಒಂದು ಶಾಲು ಹೊದಿಸಿ, ತಲೆಗೆ ಪೇಟ ಸುತ್ತಿ, ಕೊರಳಿಗೆ ಹಾರ ಹಾಕಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿ. ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಆ ಕೆಲಸದ ಹತ್ತಿರ ಸುಳಿದರೆ ನನ್ನನ್ನು ಕೇಳಿ. ಇದನ್ನು ನಾನು ಎಲ್ಲಿಯೋ ಓದಿ ಹೇಳುತ್ತಿಲ್ಲ. ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕ, ಎಂಟು ತಿಂಗಳು ಅಲ್ಲಾಡದೆ ನಿಂತಿದ್ದ ಒಂದು ನೀಲಿ ಸೈಕಲ್ಲು ನನಗೆ ಕಲಿಸಿದ ಪಾಠ ಇದು.

ನಾನು ಶಿವಾನಂದ. ಇಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸುವುದು ನನ್ನ ಉದ್ಯೋಗ. ಕಡತ ದಾಟುತ್ತದೆ, ನಾನು ಕುಳಿತಲ್ಲೇ ಇರುತ್ತೇನೆ. ಹೀಗೆ ಕುಳಿತೇ ಐವತ್ತು ದಾಟಿದಾಗ ಡಾಕ್ಟರು ನನ್ನ ರಕ್ತದ ವರದಿ ನೋಡಿ, "ಸಕ್ಕರಿ ಬಾಗಲದಾಗ ಬಂದು ನಿಂತೈತ್ರಿ. ನಡೀರಿ, ಇಲ್ಲಾ ಸೈಕಲ್ಲರ ಹೊಡೀರಿ. ಒಟ್ಟ ಕುಂದರಬ್ಯಾಡ್ರಿ" ಎಂದರು. ನಡೆಯುವುದು ನನಗೆ ಒಗ್ಗಲಿಲ್ಲ. ನಡೆಯಲು ಹೊರಟರೆ ಹತ್ತು ಹೆಜ್ಜೆಗೊಬ್ಬ ಪರಿಚಯದವರು ಸಿಗುತ್ತಾರೆ, ಪರಿಚಯದವರು ಸಿಕ್ಕರೆ ಚಹಾ ಆಗಲೇಬೇಕು, ಚಹಾದ ಜೊತೆಗೆ ಒಂದು ಪ್ಲೇಟು ಮಿರ್ಚಿ ಬಂದರೆ ಬೇಡವೆನ್ನಲು ನಾನೇನು ಸನ್ಯಾಸಿಯಲ್ಲ. ಹಾಗಾಗಿ ಸೈಕಲ್ಲೇ ಸರಿ ಎಂದು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ನನ್ನ ಹೆಂಡತಿ ಗಿರಿಜೆಯ ತಮ್ಮ ಬಸವರಾಜ ಬೀಜದ ಅಂಗಡಿ ಇಟ್ಟಿದ್ದಾನೆ. ಜೋಳದ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಪರೀಕ್ಷೆ ಮಾಡುವ ಮನುಷ್ಯ ಅವನು. ಸೈಕಲ್ಲನ್ನು ಕಚ್ಚಲಿಲ್ಲ ಎನ್ನುವುದೊಂದು ಬಿಟ್ಟರೆ ಉಳಿದೆಲ್ಲ ಪರೀಕ್ಷೆಗಳನ್ನೂ ಮಾಡಿ, ಗೇರು ಇರುವ ಈ ನೀಲಿ ಸೈಕಲ್ಲನ್ನು ಆರಿಸಿಕೊಟ್ಟ. ಆರಿಸುವಾಗಲೇ ಅವನ ಕಣ್ಣು ಅದರ ಮೇಲೆ ಬಿದ್ದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಮೊದಲ ಮೂರು ತಿಂಗಳು ನಾನು ಹೊಡೆದ ಸೈಕಲ್ಲೇ ಸೈಕಲ್ಲು. ಬೆಳಗ್ಗೆ ಐದೂವರೆಗೆ ಎದ್ದು ಗುತ್ತಲ ರಸ್ತೆಯ ಕಡೆ ಹೋಗುತ್ತಿದ್ದೆ. ಮೊದಲ ಬಸ್ಸಿನ ಡ್ರೈವರ್ ನನಗೆ ಹಾರನ್ ಹೊಡೆದು ನಮಸ್ಕಾರ ಹೇಳುವಷ್ಟು ಪರಿಚಯವಾಗಿತ್ತು. ಆ ಹುರುಪಿನಲ್ಲೇ ಒಂದು ರವಿವಾರ ಹೆದ್ದಾರಿ ಹಿಡಿದು ರಾಣೆಬೆನ್ನೂರಿಗೇ ಹೋಗಿಬಿಟ್ಟೆ. ಬಸವರಾಜನ ಅಂಗಡಿಯ ಮುಂದೆ ಇಳಿದಾಗ ನನ್ನ ಕಾಲುಗಳು ನನ್ನವಾಗಿರಲಿಲ್ಲ. ಇಲ್ಲಿ ನಿಮಗೆ ಒಂದು ಗುಟ್ಟು ಹೇಳಬೇಕು. ನಾನು ಸೈಕಲ್ಲಿನ ಮೇಲೆ ಹೋದದ್ದು ಖರೆ. ಬಂದದ್ದು ಮಾತ್ರ ಬಸವರಾಜನ ಟೆಂಪೋದಲ್ಲಿ. ಬೀಜದ ಚೀಲಗಳ ನಡುವೆ ಸೈಕಲ್ಲು, ಅದರ ಪಕ್ಕದಲ್ಲಿ ಇನ್ನೊಂದು ಚೀಲದಂತೆ ನಾನು. ಹಾವೇರಿ ಒಂದು ಫರ್ಲಾಂಗು ಇರುವಾಗ ಇಳಿದು, ಮುಖಕ್ಕೆ ಒಂದಿಷ್ಟು ನೀರು ಚಿಮುಕಿಸಿಕೊಂಡು, ಬೆವರಿದವನ ಹಾಗೆ ಸೈಕಲ್ ತುಳಿಯುತ್ತ ನಮ್ಮ ಓಣಿಗೆ ಬಂದೆ. "ಭಾವಾರ, ನಾ ಯಾರಿಗೂ ಹೇಳೂದಿಲ್ಲ ಬಿಡ್ರಿ" ಎಂದು ಬಸವರಾಜ ಮಾತು ಕೊಟ್ಟಿದ್ದ. ಹಾಗೆ ಮಾತು ಕೊಡುವಾಗ ಅವನು ನಕ್ಕ ನಗೆ ನನಗೆ ಸರಿ ಕಾಣಲಿಲ್ಲ.

ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಯುವಿಹಾರ ಮಾಡುವ ನಿವೃತ್ತರ ಬಳಗವೊಂದಿದೆ. ಅವರಿಗೆ ನಡೆಯುವುದಕ್ಕಿಂತ ಸನ್ಮಾನ ಮಾಡುವುದರಲ್ಲಿ ಹೆಚ್ಚು ಆಸಕ್ತಿ. ನಮ್ಮ ಕಡೆ ಶಾಲಿಗೆ ಬರವಿಲ್ಲ ನೋಡಿ. ಬಡ್ತಿ ಸಿಕ್ಕರೆ ಶಾಲು, ವರ್ಗವಾದರೆ ಶಾಲು, ಕಣ್ಣಿನ ಪೊರೆ ತೆಗೆಸಿಕೊಂಡು ಬಂದರೂ ಶಾಲು. ಅವರ ಕಿವಿಗೆ 'ಶಿವಾನಂದ ರಾಣೆಬೆನ್ನೂರಿಗೆ ಸೈಕಲ್ಲಿನ ಮೇಲೆ ಹೋಗಿ ಬಂದ' ಎಂಬ ಸುದ್ದಿ ಬಿದ್ದದ್ದೇ ತಡ, ಮರುವಾರವೇ ಉದ್ಯಾನದಲ್ಲಿ ನಾಲ್ಕು ಕುರ್ಚಿ ಹಾಕಿ, ಮೈಕು ತರಿಸಿ, ನನಗೆ ಪೇಟ ಸುತ್ತಿ, ಗಂಧದ ಚಕ್ಕೆಯ ಹಾರ ಹಾಕಿದರು. ಬಳಗದ ಅಧ್ಯಕ್ಷರು, "ಹೋದವರು ಭಾಳ ಮಂದಿ ಅದಾರ, ಹೋಗಿ ಬಂದವರು ಇವರೊಬ್ಬರ" ಎಂದು ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಬಸವರಾಜ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನನ್ನನ್ನೂ ಸೈಕಲ್ಲನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದು, ಕಟ್ಟು ಹಾಕಿಸಿ ಮನೆಗೆ ಕಳಿಸಿಕೊಟ್ಟರು.

ಮರುದಿನ ಬೆಳಗ್ಗೆ ಅಲಾರಂ ಹೊಡೆಯಿತು. ಕಣ್ಣು ಬಿಟ್ಟೆ. ಏನು ಹೇಳಲಿ, ಒಳಗೆ ಯಾರೋ 'ಆಯಿತಲ್ಲ, ಇನ್ನೇನು?' ಎಂದ ಹಾಗಾಯಿತು. ಶಾಲು ಬಂತು, ಹಾರ ಬಂತು, ಭಾಷಣವಾಯಿತು. ಇನ್ನೂ ತುಳಿಯುವುದೆಂದರೆ ಊಟವಾದ ಮೇಲೆ ಎಲೆ ನೆಕ್ಕಿದ ಹಾಗಲ್ಲವೇ? ಜೊತೆಗೆ ಆ ಟೆಂಪೋ ನೆನಪಾಗುತ್ತಿತ್ತು. ಪುಕ್ಕಟೆ ಸಿಕ್ಕ ಮರ್ಯಾದೆ ಮೈಗೆ ಹತ್ತುವುದಿಲ್ಲ ಎನ್ನುತ್ತಾರೆ. ನನಗೆ ಅದು ಕಾಲಿಗೆ ಹತ್ತಿತ್ತು. ಒಂದು ದಿನ ಗಾಳಿಯ ನೆವ, ಒಂದು ದಿನ ನಾಯಿಯ ನೆವ, ಮಳೆಗಾಲದಲ್ಲಿ ಮಳೆಯ ನೆವ, ಮಳೆ ನಿಂತಾಗ ಇನ್ನೇನು ಮಳೆ ಬಂದೀತು ಎಂಬ ನೆವ. ಸೈಕಲ್ಲು ಪಡಸಾಲೆಯಲ್ಲೇ ನಿಂತಿತು. ನಿಂತ ವಸ್ತುವನ್ನು ಸಂಸಾರ ಸುಮ್ಮನೆ ಬಿಡುವುದಿಲ್ಲ. ಮೊದಲು ಹ್ಯಾಂಡಲ್ಲಿಗೆ ಸಂತೆಯ ಕೈಚೀಲ ಬಂತು. ಆಮೇಲೆ ಛತ್ರಿ. ಸೀಟಿನ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ. ನನ್ನ ಹೆಲ್ಮೆಟ್ಟಿಗೆ ಗಾಳಿಯಾಡುವ ತೂತುಗಳಿವೆಯಲ್ಲ, ಅದನ್ನು ಕಂಡ ಗಿರಿಜೆ ಬಳ್ಳೊಳ್ಳಿ ಇಡಲು ಇದಕ್ಕಿಂತ ಒಳ್ಳೆಯ ಬುಟ್ಟಿಯಿಲ್ಲ ಎಂದು ಅಡುಗೆಮನೆಗೆ ಒಯ್ದಳು. ಧೂಳು ಕೂಡುತ್ತದೆಂದು ಸನ್ಮಾನದ ಶಾಲನ್ನೇ ಸೈಕಲ್ಲಿಗೆ ಹೊದಿಸಿದಳು. ಕಟ್ಟು ಹಾಕಿದ ಫೋಟೋವನ್ನು ಹಳೆಯ ಕ್ಯಾಲೆಂಡರಿನ ಮೊಳೆಗೆ, ಹನುಮಪ್ಪನ ಪಟದ ಪಕ್ಕದಲ್ಲಿ ತೂಗು ಹಾಕಿದಳು. ಗಂಧದ ಹಾರ ಎಲ್ಲಿಡುವುದು? ಟ್ರಂಕಿನಲ್ಲಿಟ್ಟರೆ ಮುರಿಯುತ್ತದೆ. ಅದನ್ನೂ ಆ ಫೋಟೋಕ್ಕೇ ಹಾಕಿಬಿಟ್ಟಳು. ನಾನು ದಿನಾ ನೋಡುತ್ತಿದ್ದೆ. ಅದರಲ್ಲಿ ಏನೋ ಹೆಚ್ಚುಕಡಿಮೆಯಿದೆ ಎಂದು ನನಗಾಗಲಿ ಅವಳಿಗಾಗಲಿ ಒಂದು ದಿನವೂ ಅನ್ನಿಸಲಿಲ್ಲ.

ಹೋದ ಹುರುಪನ್ನು ಮರಳಿ ತರಲು ನಾನು ಪ್ರಯತ್ನ ಮಾಡಲಿಲ್ಲ ಎಂದುಕೊಳ್ಳಬೇಡಿ. ಮೊಬೈಲಿನಲ್ಲಿ ಸೈಕಲ್ಲು ಹೊಡೆಯುವವರ ವಿಡಿಯೋ ನೋಡತೊಡಗಿದೆ. ಹಿಮದಲ್ಲಿ ಹೊಡೆಯುವವರು, ಮರಳಿನಲ್ಲಿ ಹೊಡೆಯುವವರು, ಒಂದು ಕಾಲಿಲ್ಲದೆ ಹೊಡೆಯುವವರು. ದಿಂಬಿಗೆ ಒರಗಿ ಎರಡೆರಡು ತಾಸು ನೋಡಿ, ಅವರ ದಣಿವಿಗೆ ನಾನು ದಣಿದು ಮಲಗುತ್ತಿದ್ದೆ. ಬೂಟುಗಳನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡರೆ ಎದ್ದ ಕೂಡಲೇ ಹೊರಡಬಹುದು ಎಂದು ಯಾರೋ ಹೇಳಿದ್ದನ್ನು ನಂಬಿ ಇಟ್ಟುಕೊಂಡೆ. ಎಡವಿ ಬಿದ್ದೆ, ಆ ನೆವದಲ್ಲಿ ಹದಿನೈದು ದಿನ ರಜೆ ಸಿಕ್ಕಿತು. ಕೊನೆಗೆ ಗಿರಿಜೆಗೇ ತಾಳ್ಮೆ ಮುಗಿಯಿತು. "ರೀ, ಇದು ಪಡಸಾಲ್ಯೋ ಗುಜರಿ ಅಂಗಡ್ಯೋ? ಬಸು ಕೇಳಾಕತ್ತಾನ. ನಿಂತ ಸೈಕಲ್ ಕೆಡತೈತಿ, ದಿನಾ ಅಂಗಡಿಗೆ ಹೊಡ್ಕೊಂಡ ಹೋಗ್ತೇನಿ ಅಂತಾನ. ಒಂದಿನಾ ನೀವು ಹೊಡದ ತೋರಸ್ರಿ. ಇಲ್ಲಾಂದ್ರ ಬರೂ ರವಿವಾರ ಹತ್ತಕ್ಕ ಟೆಂಪೋ ತರ್ತಾನ, ಹಾಕ್ಕೊಂಡ ಹೋಗ್ತಾನ" ಎಂದು ಗಡುವು ಕೊಟ್ಟಳು.

ಎಂಟು ತಿಂಗಳು ಮುಟ್ಟದ ವಸ್ತು ಹೋದರೆ ಹೋಗಲಿ ಎನ್ನಬೇಕಿತ್ತು, ಅನ್ನಲಾಗಲಿಲ್ಲ. ಆ ಸೈಕಲ್ಲು ಹೋದರೆ ನನ್ನೊಳಗೆ ಉಳಿದಿದ್ದ ಒಬ್ಬ ಹುಡುಗ ಕೂಡ ಅದೇ ಟೆಂಪೋ ಹತ್ತಿ ಹೋಗುತ್ತಾನೆ ಅನ್ನಿಸಿತು. ಆ ಹುಡುಗ ಸೈಕಲ್ಲು ಕಲಿತದ್ದು ಬ್ಯಾಡಗಿಯಲ್ಲಿ, ದೊಡ್ಡವ್ವನ ಮನೆಯಲ್ಲಿ. ನೀಲವ್ವ, ನಮ್ಮ ತಾಯಿಯ ಅಕ್ಕ. ಶಾಲೆಯ ಸೂಟಿಯಲ್ಲಿ ಅವಳ ಮನೆಗೆ ಹೋದಾಗ ತಾಸಿನ ಬಾಡಿಗೆಗೆ ಸೈಕಲ್ಲು ಕೊಡಿಸುತ್ತಿದ್ದಳು. ಸೈಕಲ್ಲು ನನಗಿಂತ ಎತ್ತರ. ನಡುವಿನ ಕಂಬಿಯ ಕೆಳಗೆ ಕಾಲು ತೂರಿಸಿ, ಸೊಟ್ಟಗೆ ಬಾಗಿ, ಅರ್ಧರ್ಧ ಪೆಡಲ್ ತುಳಿಯಬೇಕು. ದೊಡ್ಡವ್ವ ತಾನು ಒಂದು ದಿನವೂ ಸೈಕಲ್ಲು ಹತ್ತಿದವಳಲ್ಲ, ಆದರೂ ಸೀರೆಯ ನೆರಿಗೆ ಎತ್ತಿ ಕಟ್ಟಿ, ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದಳು. "ಹಿಂದ ನೋಡಬ್ಯಾಡ ಶಿವ್ಯಾ, ತುಳಿ" ಎಂದು ಕೂಗುತ್ತಿದ್ದಳು. ಒಂದು ದಿನ ಅವಳ ದನಿ ಬಹಳ ದೂರದಿಂದ ಬಂದ ಹಾಗೆ ಕೇಳಿ ಹಿಂದಿರುಗಿ ನೋಡಿದೆ. ದೊಡ್ಡವ್ವ ಅಲ್ಲೆಲ್ಲೋ ನಿಂತಿದ್ದಾಳೆ, ಕ್ಯಾರಿಯರ್ ಯಾರ ಕೈಯಲ್ಲೂ ಇಲ್ಲ, ನಾನು ಒಬ್ಬನೇ ಹೋಗುತ್ತಿದ್ದೇನೆ. ಆ ಸಂತೋಷಕ್ಕೆ ಹ್ಯಾಂಡಲ್ ಬಿಟ್ಟೆ. ಹೋಗಿ ಬಿದ್ದದ್ದು ಒಣಗಲು ಹರವಿದ್ದ ಮೆಣಸಿನಕಾಯಿಯ ರಾಶಿಗೆ. ಬ್ಯಾಡಗಿಯ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ಚಡ್ಡಿಯೊಳಗೆ ಹೊಕ್ಕ ಬ್ಯಾಡಗಿ ಕಾಯಿಯ ಮಾತೇ ಬೇರೆ.

ಈಗ ದೊಡ್ಡವ್ವನಿಗೆ ಎಂಬತ್ತು ದಾಟಿದೆ. ಆದರೂ ಪ್ರತಿ ವರ್ಷ ಸುಗ್ಗಿಯಲ್ಲಿ ನಮ್ಮ ಮನೆಯ ವರ್ಷದ ಖಾರದ ಪುಡಿಗೆ ಅವಳ ಹೊಲದ ಕಾಯಿಯೇ ಬರಬೇಕು. ಅವಳ ಹೊಲ ನೋಡಿಕೊಳ್ಳುವ ಫಕ್ಕೀರಪ್ಪ ಒಂದು ಚೀಲ ತಂದು ಇಳಿಸಿ, ಚಹಾ ಕುಡಿದು, ಅರ್ಧ ತಾಸು ಹರಟೆ ಹೊಡೆದು ಹೋಗುತ್ತಾನೆ. ಈ ಸಲ ಅವನು ಬಂದದ್ದು ಆ ಗಡುವಿನ ಹಿಂದಿನ ದಿನ, ಶನಿವಾರ. ನಾನು ಖಾರಕ್ಕೆ ಬೇಕಾದ ಲವಂಗ, ದಾಲ್ಚಿನ್ನಿ ತರಲು ಕಿರಾಣಿ ಅಂಗಡಿಗೆ ಹೋಗಿದ್ದೆ. ಗಿರಿಜೆ ಒಳಗೆ, ಮೊದಲೇ ತಂದಿಟ್ಟಿದ್ದ ಖಾರದ ಗುಂಟೂರು ಕಾಯಿಯನ್ನು ಹುರಿಯುತ್ತಿದ್ದಳು. ಫಕ್ಕೀರಪ್ಪ ಚೀಲ ಹೊತ್ತು ಹೊಸ್ತಿಲಿಗೆ ಬಂದು ತಲೆ ಎತ್ತಿ ನೋಡಿದ್ದಾನೆ. ಎದುರಿಗೆ ಗೋಡೆಯ ಮೇಲೆ ನಾನು ನಗುತ್ತಿದ್ದೇನೆ, ಕೊರಳಿಗೆ ಗಂಧದ ಹಾರ. ಹನುಮಪ್ಪನಿಗೆ ಹಚ್ಚಿದ ಶನಿವಾರದ ದೀಪದ ಬೆಳಕು ಅವನಿಗೂ ನನಗೂ ಸಮನಾಗಿ ಬಿದ್ದಿದೆ. ಫೋಟೋದಲ್ಲಿರುವ ಸೈಕಲ್ಲು ಈಚೆ ಕಿಟಕಿಯ ಪಕ್ಕ ಶಾಲು ಹೊದ್ದು ನಿಂತಿದೆ. ಅಷ್ಟರಲ್ಲಿ ಗಿರಿಜೆ ಸೆರಗಿನಿಂದ ಕಣ್ಣು ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದಾಳೆ. ಕಣ್ಣು ಕೆಂಡದಂತಾಗಿದೆ, ಘಾಟಿಗೆ ಗಂಟಲು ಕಟ್ಟಿ ಮಾತು ಹೊರಡುತ್ತಿಲ್ಲ. ಕುಳಿತುಕೊಳ್ಳಿ ಎಂದು ಕೈಸನ್ನೆ ಮಾಡಿದ್ದಾಳೆ.

ಫಕ್ಕೀರಪ್ಪ ರೀತಿ ರಿವಾಜು ತಿಳಿದ ಮನುಷ್ಯ. ಸಾವಾದ ಮನೆಯಲ್ಲಿ ಹೆಚ್ಚು ಮಾತಾಡಬಾರದು, ನೀರು ಕೇಳಬಾರದು, ಹೊರಡುವಾಗ 'ಬರ್ತೇನಿ' ಎನ್ನಬಾರದು. ಅವನು ಚೀಲವನ್ನು ಸಪ್ಪಳವಾಗದಂತೆ ಇಳಿಸಿ, ತಲೆಯ ರುಮಾಲು ತೆಗೆದು, ನನ್ನ ಫೋಟೋಕ್ಕೆ ಕೈಮುಗಿದು, ತಿರುಗಿ ನೋಡದೆ ಹೊರಟುಹೋದ. ಕೈಮುಗಿದದ್ದು ಹನುಮಪ್ಪನಿಗೆ ಎಂದು ಗಿರಿಜೆ ತಿಳಿದಳು. ನಾನು ಮನೆಗೆ ಬಂದಾಗ, "ಫಕ್ಕೀರಪ್ಪಗ ಈ ಸಲ ಏನ್ ಸೊಕ್ಕು ಬಂದೈತ್ರಿ, ಚಾ ಬ್ಯಾಡ, ಮಾತ ಬ್ಯಾಡ, ಹೋಗ್ತೇನಿ ಅಂತನೂ ಅನ್ನಲಿಲ್ಲ" ಎಂದು ದೂರಿದಳು. ಕಾಯಿಗೆ ದರ ಬಂದಿರಬೇಕು ಎಂದು ನಾನು ಸಮಾಧಾನ ಹೇಳಿದೆ.

ರವಿವಾರ ಬೆಳಗ್ಗೆ ಏಳಕ್ಕೆ ಗಿರಿಜೆಯ ಫೋನು ಹೊಡೆದುಕೊಂಡಿತು. ಅವಳು ಸ್ನಾನಕ್ಕೆ ಹೋಗಿದ್ದಳು. ನೋಡಿದರೆ ದೊಡ್ಡವ್ವನ ಮಗ, ನನ್ನ ತಮ್ಮ ಈರಣ್ಣ. ನಾನೇ ಎತ್ತಿದೆ. ಹಲೋ ಎನ್ನುವುದಕ್ಕೂ ಬಿಡಲಿಲ್ಲ, ಒಂದೇ ಉಸಿರಿಗೆ ಶುರು ಮಾಡಿದ: "ವೈನೀ, ನಾವೇನು ಪರಕೀಯರಾ? ಅಣ್ಣಾ ಹೋದದ್ದು ನಮಗ ಫಕ್ಕೀರಪ್ಪ ಬಂದು ಹೇಳಬೇಕಾತು. ಮಣ್ಣಿಗೆ ಕರೀಲಿಲ್ಲ, ಇರಲಿ, ದಿನದ ಊಟಕ್ಕರ ಒಂದ ಮಾತ ಹೇಳಬೇಕಿಲ್ಲೋ? ಅವ್ವ ರಾತ್ರಿಯಿಂದ ಒಂದ ತುತ್ತು ಮುಟ್ಟಿಲ್ಲ. ಆ ಸುಡಗಾಡ ಸೈಕಲ್ ಹೊಡಿಯಾಕ ಹೋಗಿ ಜೀವಾ ಕಳಕೊಂಡನಂತ ಊರೆಲ್ಲಾ ಆಡಾಕತ್ತೈತಿ." ನನಗೆ ಮೊದಲು ತಿಳಿಯಲಿಲ್ಲ ಯಾರು ಹೋದರೆಂದು. ಕಣ್ಣು ಗೋಡೆಯ ಕಡೆ ಹೊರಳಿತು. ಹಾರ, ದೀಪ, ನನ್ನ ನಗೆ. ಎಂಟು ತಿಂಗಳಲ್ಲಿ ಮೊದಲ ಸಲ ನಾನು ಆ ಫೋಟೋವನ್ನು ಬೇರೆಯವರ ಕಣ್ಣಿನಿಂದ ನೋಡಿದೆ. "ಈರಣ್ಣಾ, ನಾನೋ, ನಾ ಮಾತಾಡಾಕತ್ತೇನಿ, ಶಿವಾನಂದ" ಎಂದೆ. ಆ ಕಡೆ ಫೋನು ಕೆಳಗೆ ಬಿದ್ದ ಸಪ್ಪಳ. ಮತ್ತೆ ಗಿರಿಜೆಯ ಫೋನಿನಿಂದ ಮಾಡಿದೆ, ಎತ್ತಲಿಲ್ಲ. ನನ್ನ ಫೋನಿನಿಂದ ಮಾಡಿದೆ. ಸತ್ತವನ ಹೆಸರು ಪರದೆಯ ಮೇಲೆ ಬಂದರೆ ಯಾರು ಎತ್ತುತ್ತಾರೆ? ಮೂರನೆಯ ಸಲಕ್ಕೆ ಅವನ ಫೋನೇ ಬಂದ್ ಆಗಿತ್ತು.

ಗಿರಿಜೆ ತಲೆ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿ ಮೊದಲು ಗೋಡೆ ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಳಿತು ನಗತೊಡಗಿದಳು. ನನಗೆ ನಗೆ ಬರಲಿಲ್ಲ, ಸಿಟ್ಟು ಬಂತು. ದೊಡ್ಡವ್ವ ಉಪವಾಸ ಕುಳಿತಿದ್ದಾಳೆ. ಅದೂ ಅಲ್ಲದೆ, ನಾನು ಸೈಕಲ್ಲು ಹೊಡೆಯಲು ಹೋಗಿ ಸತ್ತೆನಂತೆ. ಎಂಟು ತಿಂಗಳು ಮುಟ್ಟಿಯೂ ನೋಡದ ಸೈಕಲ್ಲಿನಿಂದ ಸಾಯುವುದೆಂದರೆ ಎಂಥ ಅನ್ಯಾಯ. ಹಾಗೆ ಸಾಯಬೇಕಾದರೂ ಸ್ವಲ್ಪವಾದರೂ ಹೊಡೆದಿರಬೇಕಲ್ಲ. "ಬಸ್ಸಿಗೆ ಹೋಗ್ರಿ, ಲಗೂನ ಮುಟ್ತೀರಿ" ಎಂದಳು ಗಿರಿಜೆ. "ಬಸ್ಸಿನ್ಯಾಗ ಹೆಣಾನೂ ಕುಂದರತೈತಿ. ಪೆಡಲ್ ತುಳಿಯಾಕ ಜೀವ ಬೇಕು" ಎಂದೆ. ಹೇಳಿದ ಮೇಲೆ ನನಗೇ ಅದು ಬಹಳ ಸರಿಯಾದ ಮಾತು ಅನ್ನಿಸಿತು. ಶಾಲು ಎಳೆದು ಒಗೆದೆ. ಕೈಚೀಲ, ಛತ್ರಿ, ಇಸ್ತ್ರಿ ಬಟ್ಟೆ ಎಲ್ಲ ನೆಲಕ್ಕೆ. ಚಕ್ರಗಳಿಗೆ ಗಾಳಿ ತುಂಬಿದೆ, ಹೊಲಿಗೆ ಯಂತ್ರದ ಎಣ್ಣೆಯನ್ನು ಸರಪಳಿಗೆ ಸುರಿದೆ, ಅಡುಗೆಮನೆಗೆ ಹೋಗಿ ಹೆಲ್ಮೆಟ್ಟಿನಲ್ಲಿದ್ದ ಬಳ್ಳೊಳ್ಳಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಅದನ್ನೇ ತಲೆಗೆ ಏರಿಸಿದೆ. ಪ್ಯಾಂಟಿನ ತುದಿಯನ್ನು ಕಾಲುಚೀಲಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದಾಗ ಇನ್ನೂ ಏಳೂವರೆ.

ಮೊದಲ ಅರ್ಧ ತಾಸು ನನ್ನನ್ನು ಸಿಟ್ಟೇ ಒಯ್ದಿತು. ಮೊಣಕಾಲು ಕೀರಲು ಧ್ವನಿ ಮಾಡುತ್ತಿತ್ತೋ ಸರಪಳಿಯೋ ತಿಳಿಯಲಿಲ್ಲ. ತೊಡೆ ಉರಿಯಿತು, ಉಸಿರು ಮೇಲೆ ಕೆಳಗಾಯಿತು, ಸೀಟು ನನ್ನನ್ನು ಗುರುತಿಸಲು ನಿರಾಕರಿಸಿತು. ಹೆದ್ದಾರಿಯ ಪಕ್ಕದ ಸಣ್ಣ ರಸ್ತೆಯಲ್ಲಿ ಹೋಗುತ್ತಿರುವಾಗ ಎಮ್ಮೆ ಹೊಡೆದುಕೊಂಡು ಹೊರಟ ಮುದುಕನೊಬ್ಬ, "ಎತ್ತಾಗ ಹೊಂಟೀರಿ ಸಾವಕಾರ್ರ, ಇಷ್ಟ ಅವಸರದಾಗ?" ಎಂದು ಕೇಳಿದ. "ನನ್ನ ಮಣ್ಣಿಗೆ" ಎಂದು ಕೂಗಿ ಮುಂದೆ ಹೋದೆ. ಅವನು ಏನು ತಿಳಿದನೋ, ನನಗೆ ಮಾತ್ರ ಒಮ್ಮೆಲೇ ನಗು ಬಂತು. ನಕ್ಕದ್ದೇ ತಡ, ಎದೆಯಲ್ಲಿ ಬಿಗಿದಿದ್ದದ್ದು ಸಡಿಲಾಯಿತು. ಮೋಟೆಬೆನ್ನೂರು ಬಂದದ್ದೇ ತಿಳಿಯಲಿಲ್ಲ. ಬ್ಯಾಡಗಿಯ ಕಡೆ ಹೊರಳಿದೆ. ಹೊಲದಲ್ಲಿ ಬಿಡಿಸಿದ ಕಾಯಿ ಕೆಂಪಗೆ ಹರಡಿತ್ತು, ಬೆಳಗಿನ ಬಿಸಿಲು ಬೆನ್ನಿಗಿತ್ತು, ಗಾಳಿಯಲ್ಲಿ ಕಾಯಿಯ ಘಾಟು. ಸೀನಿದೆ. ಸೀನುತ್ತಲೇ ಒಂದು ಇಳಿಜಾರು ಬಂತು. ಪೆಡಲ್ ನಿಲ್ಲಿಸಿ ಸೈಕಲ್ಲನ್ನು ಬಿಟ್ಟೆ. ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನಿನಲ್ಲಿ ಪಟಪಟ ಹೊಡೆಯಿತು. ಅಯ್ಯಾ, ಇದನ್ನು ನಾನು ಬಿಟ್ಟು ಕುಳಿತಿದ್ದೆನೇ? ಇದಕ್ಕೆ ಶಾಲು ಏಕೆ ಬೇಕು, ಭಾಷಣ ಏಕೆ ಬೇಕು? ನನಗೆ ಎಷ್ಟು ಸಂತೋಷವಾಯಿತೆಂದರೆ, ಯಾರೂ ಇಲ್ಲದ ರಸ್ತೆಯಲ್ಲಿ ಒಬ್ಬನೇ ಗಂಟೆ ಬಾರಿಸುತ್ತ ಹೋದೆ. ನಾನು ಬದುಕಿದ್ದೆ. ಆ ಸುದ್ದಿ ಬ್ಯಾಡಗಿಗೆ ಮುಟ್ಟುವ ಮೊದಲು ನನಗೇ ಮುಟ್ಟಿತು.

ದೊಡ್ಡವ್ವನ ಮನೆಯ ಮುಂದೆ ಒಂದು ಬಾಡಿಗೆಯ ಟಂಟಂ ಆಟೋ ನಿಂತಿತ್ತು. ಹಾವೇರಿಗೆ, ಅಂದರೆ ನನ್ನನ್ನು ಕಳೆದುಕೊಂಡ ಮನೆಗೆ ಹೊರಡಲು ನಾಲ್ಕು ಜನ ಒಳಗೆ ಕುಳಿತಿದ್ದರು. ಈರಣ್ಣ ಕೈಯಲ್ಲಿ ಎರಡು ಮೊಳ ಉದ್ದದ ಸೇವಂತಿಗೆ ಹಾರ ಹಿಡಿದು ಹತ್ತುತ್ತಿದ್ದ. ನಾನು ಗಂಟೆ ಬಾರಿಸಿದೆ. ಅವನು ತಿರುಗಿ ನೋಡಿದವನೇ ಹಾರದ ಸಮೇತ ಟಂಟಂ ಹಿಂದೆ ಅಡಗಿದ. ಫಕ್ಕೀರಪ್ಪ ಮಾತ್ರ ಧೈರ್ಯ ಮಾಡಿ ಹತ್ತಿರ ಬಂದು, ಮೊದಲು ನನ್ನ ಪಾದಗಳು ಯಾವ ಕಡೆಗಿವೆ ಎಂದು ನೋಡಿದ. ಮುಂದಕ್ಕೇ ಇದ್ದವು. ಆಮೇಲೆ ಚಕ್ರ ಮುಟ್ಟಿ ನೋಡಿದ. "ಖರೇನ ಅದೀರಿ" ಎಂದ, ಸ್ವಲ್ಪ ಬೇಸರದಿಂದ; ಪಾಪ, ಇಡೀ ಊರಿಗೆ ಸುದ್ದಿ ಹೇಳಿದ ಮನುಷ್ಯ. ನಾನು ಸೈಕಲ್ಲನ್ನು ಗೋಡೆಗೆ ಒರಗಿಸಿ ದೊಡ್ಡವ್ವನನ್ನು ಹುಡುಕುತ್ತ ಒಳಗೆ ಓಡಿದೆ. ರಾತ್ರಿಯಿಂದ ಉಪವಾಸ ಕುಳಿತ ಮುದುಕಿ, ನನ್ನನ್ನು ಕಂಡು ಎದೆ ಒಡೆದುಕೊಂಡಾಳೋ ಏನೋ ಎಂಬ ಹೆದರಿಕೆ ನನಗೆ.

ದೊಡ್ಡವ್ವ ಅಡುಗೆಮನೆಯ ಬಾಗಿಲಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ನನ್ನನ್ನು ನೋಡಿ ತುತ್ತನ್ನು ನಿಧಾನವಾಗಿ ನುಂಗಿ, "ಬಾ, ಕುಂದರು. ರೊಟ್ಟಿ ಬಿಸಿ ಅದಾವ" ಎಂದಳು. ನನಗೆ ನಿಂತಲ್ಲೇ ಅಳು ಬರುವಂತಾಯಿತು, ಸ್ವಲ್ಪ ಸಿಟ್ಟೂ ಬಂತು. "ದೊಡ್ಡವ್ವಾ, ನಾ ಸತ್ತೇನಿ ಅಂತ ನೀ ಉಪವಾಸ ಕುಂತೀದಿ ಅಂದ್ರು" ಎಂದೆ. "ಕುಂತಿದ್ನೆಪಾ. ರಾತ್ರಿಯೆಲ್ಲಾ ಅತ್ತೇನಿ. ಮುಂಜಾನೆ ಈ ಫಕ್ಕೀರಪ್ಪನ್ನ ಕರದು ಕೇಳಿದ್ನಿ, ಹೆಂಗ ಸತ್ತನೋ ನನ್ನ ಕೂಸು ಅಂತ. ಸೈಕಲ್ ಹೊಡಿಯಾಕ ಹೋಗಿ ಅಂದ. ಅವಾಗ ನನ್ನ ಜೀವಕ್ಕ ಸಮಾಧಾನ ಆತು. ಸುಳ್ಳು ಅಂತ ಗೊತ್ತಾತು. ದೀಪಾವಳಿಗೆ ನಿಮ್ಮನಿಗೆ ಬಂದಾಗ ನೋಡೇನಲ್ಲಾ, ಸೈಕಲ್ ಮ್ಯಾಲ ಛತ್ರಿ ಒಣಾಕಿದ್ರಿ. ಹತ್ತಿದರ ಹೌದಲ್ಲೋ ಬೀಳೂದು. ಸೊಸಿಗೆ ರೊಟ್ಟಿ ಬಡಿ ಅಂದ್ನಿ. ಇವರಿಗೆಲ್ಲಾ ಹೇಳಿದ್ನಿ, ಯಾರ ಕೇಳ್ಬೇಕು ಮುದುಕಿ ಮಾತು?" ಎಂದಳು.

ನನ್ನ ಸಾವನ್ನು ಊರೆಲ್ಲ ನಂಬಿತ್ತು. ನನ್ನ ಸೋಮಾರಿತನವನ್ನು ಒಬ್ಬಳೇ ನಂಬಿದ್ದಳು, ಅವಳ ನಂಬಿಕೆಯೇ ಗೆದ್ದಿತ್ತು. ನಾನು ಹೆಲ್ಮೆಟ್ಟು ತೆಗೆದು ಅವಳ ಮುಂದೆ ಕುಳಿತೆ. ಅವಳು ಎಡಗೈಯಿಂದ ನನ್ನ ಕೂದಲಿನಲ್ಲಿ ಸಿಕ್ಕಿದ್ದ ಬಳ್ಳೊಳ್ಳಿ ಸಿಪ್ಪೆ ಒಂದೊಂದಾಗಿ ತೆಗೆದು, ಗಲ್ಲ ಸವರಿ, "ಹಂಗಾರ ಇಲ್ಲೀಮಟ ಹೊಡಕೊಂಡ ಬಂದೀ?" ಎಂದು ಕೇಳಿದಳು. ಹೌದು ಎಂದೆ. ಮೀನಖಂಡ ಒತ್ತಿ ನೋಡಿದಳು. ಅದು ನಡುಗುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂದದ್ದು ಆಗಲೇ. ನಾನು ನಾಲ್ಕು ರೊಟ್ಟಿ ತಿಂದೆ. ಬಾಗಿಲಲ್ಲಿ ನಿಂತಿದ್ದ ಸಕ್ಕರೆ ಆ ಹೊತ್ತು ಒಳಗೆ ಬರಲಿಲ್ಲ.

ಕೈ ತೊಳೆದು ಹೊರಗೆ ಬಂದರೆ ಜಾತ್ರೆಯೇ ನೆರೆದಿತ್ತು. ಬದುಕಿ ಬಂದವನನ್ನು ನೋಡಲು ಓಣಿಯವರೆಲ್ಲ ಬಂದಿದ್ದರು. ಆ ಜನರ ನಡುವೆ ಬಸವರಾಜ, ಅವನ ಹಿಂದೆ ಅವನ ಟೆಂಪೋ. ಹೇಳಿದ ಹಾಗೆ ಹತ್ತಕ್ಕೆ ಸೈಕಲ್ಲು ಒಯ್ಯಲು ಬಂದವನಿಗೆ ಅಕ್ಕ ನಡೆದದ್ದನ್ನು ಹೇಳಿ, ದಾರಿಯಲ್ಲಿ ಎಲ್ಲಾದರೂ ನಾನು ಬಿದ್ದಿದ್ದರೆ ಎತ್ತಿಕೊಂಡು ಬಾ ಎಂದು ಕಳಿಸಿದ್ದಳಂತೆ. "ಭಾವಾರ, ಸಾಕ ಮಾಡ್ರಿ. ಗಾಳಿ ಎದುರಿಗೆ ಐತಿ. ಸೈಕಲ್ ಮ್ಯಾಲ ಹಾಕೂಣು, ನೀವು ಮುಂದ ಕುಂದ್ರಿ. ಹಾವೇರಿ ಹಂತ್ಯಾಕ ಇಳಸ್ತೇನಿ" ಎಂದು ಕಣ್ಣು ಮಿಟುಕಿಸಿದ. ಆ ಕಣ್ಣಿನಲ್ಲಿ ಹಳೆಯ ಗುಟ್ಟು ಇತ್ತು. ಸುಳ್ಳು ಏಕೆ ಹೇಳಲಿ, ನನ್ನ ಕಾಲುಗಳು ಟೆಂಪೋದ ಕಡೆಗೇ ಎರಡು ಹೆಜ್ಜೆ ಹಾಕಿದವು. ತೊಡೆ ಕಲ್ಲಾಗಿತ್ತು. ಒಮ್ಮೆ ಹತ್ತಿದರೆ ಆರಾಮು. ಇಳಿಯುವಾಗ ಸೈಕಲ್ಲು ಅವನದು.

ಅಷ್ಟರಲ್ಲಿ ಈರಣ್ಣ ಆ ಸೇವಂತಿಗೆ ಹಾರ ಹಿಡಿದು ಮುಂದೆ ಬಂದ. "ಅಣ್ಣಾ, ಹೂವು ಯಾಕ ಹಾಳ ಮಾಡೂದು? ಹಾವೇರಿಯಿಂದ ಸೈಕಲ್ ಮ್ಯಾಲ ಬಂದೀ. ಒಂದ ಸಣ್ಣ ಸನ್ಮಾನ ಮಾಡಿಬಿಡ್ತೇವಿ" ಎಂದ. ಯಾರೋ ಶಾಲು ತರಲು ಮನೆಗೆ ಓಡಿದರು. ಯಾರೋ ಮೊಬೈಲು ಎತ್ತಿ ಹಿಡಿದರು. ನನ್ನ ಮೈಯಲ್ಲಿ ಚಳಿ ಹೊಕ್ಕಿತು. ಆ ಹಾರ ನನ್ನ ಹೆಣಕ್ಕೆ ತಂದದ್ದು ಎಂಬ ಹೆದರಿಕೆಯಲ್ಲ ಅದು. ಅದು ಕೊರಳಿಗೆ ಬಿದ್ದರೆ ನಾಳೆ ಬೆಳಗ್ಗೆ ನಾನು ಏಳುವುದಿಲ್ಲ ಎಂಬುದು ಖಾತ್ರಿಯಾಗಿ ಗೊತ್ತಿತ್ತು. 'ಬ್ಯಾಡೋ ಈರಣ್ಣಾ' ಎಂದೆ. ಅವನು ಅದನ್ನು ಸಂಕೋಚ ಎಂದುಕೊಂಡ. ನಮ್ಮ ಕಡೆ ಎಲ್ಲರೂ ಮೊದಲು ಬೇಡ ಎಂದೇ ಹಾರ ಹಾಕಿಸಿಕೊಳ್ಳುವುದು. ನಾನು ಟೆಂಪೋದ ಕಡೆ ಹಾಕಿದ್ದ ಎರಡು ಹೆಜ್ಜೆಯನ್ನು ಹಿಂದೆ ತೆಗೆದುಕೊಂಡು, ಸೈಕಲ್ಲು ಹಾರಿ ಹತ್ತಿ, ಜನರ ನಡುವೆ ನುಗ್ಗಿದೆ. ಹಿಂದಿನಿಂದ ಹೊಸ್ತಿಲಲ್ಲಿ ನಿಂತ ದೊಡ್ಡವ್ವನ ಕೂಗು ಕೇಳಿತು, ನಲವತ್ತು ವರ್ಷದ ಹಿಂದಿನ ಅದೇ ಕೂಗು: "ಹಿಂದ ನೋಡಬ್ಯಾಡ ಶಿವ್ಯಾ, ತುಳಿ."

ತುಳಿದೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ತುಳಿದೆ. ಮೋಟೆಬೆನ್ನೂರಿನ ತನಕ ಬಸವರಾಜ ಟೆಂಪೋವನ್ನು ನನ್ನ ಹಿಂದೆಯೇ ಎತ್ತಿನ ಗಾಡಿಯಂತೆ ನಡೆಸಿಕೊಂಡು ಬಂದ. ಅಲ್ಲಿ ಚಹಾದ ಅಂಗಡಿಯ ಮುಂದೆ ನಿಂತಾಗ ನನ್ನ ಕೈಗೆ ಒಂದು ಕಪ್ಪು ಕೊಟ್ಟು, "ಇರಲಿ ಬಿಡ್ರಿ ಭಾವಾರ, ಸೈಕಲ್ ನಿಮ್ಮದ. ನಾ ಬ್ಯಾರೆ ತೊಗೊತೇನಿ" ಎಂದು ರಾಣೆಬೆನ್ನೂರಿನ ಕಡೆ ಹೊರಳಿದ. ಉಳಿದ ದಾರಿ ನಾನೊಬ್ಬನೇ. ಹಾವೇರಿ ಒಂದು ಫರ್ಲಾಂಗು ಇರುವಾಗ, ಹಿಂದೊಮ್ಮೆ ಇಳಿದಿದ್ದ ಅದೇ ಜಾಗದಲ್ಲಿ, ಯಾರೂ ನೋಡದಿದ್ದರೂ ಬೆನ್ನು ನೆಟ್ಟಗೆ ಮಾಡಿಕೊಂಡು ದಾಟಿದೆ. ಆ ದಿನ ಮುಖಕ್ಕೆ ನೀರು ಚಿಮುಕಿಸಿಕೊಳ್ಳುವ ಅಗತ್ಯವಿರಲಿಲ್ಲ. ಒಂದು ಮಾತು ಮುಚ್ಚಿಡಲಾರೆ. ದೊಡ್ಡವ್ವನ ಮಾತು ಮೀರಿ ದಾರಿಯಲ್ಲಿ ಮೂರು ಸಲ ಹಿಂದಿರುಗಿ ನೋಡಿದ್ದೆ, ಈರಣ್ಣ ಹಾರ ಹಿಡಿದು ಬೆನ್ನು ಹತ್ತಿದ್ದಾನೋ ಎಂದು. ಬಂದಿರಲಿಲ್ಲ. ಮೂರನೆಯ ಸಲ ಸ್ವಲ್ಪ ಬೇಸರವೂ ಆಯಿತು.

ಮನೆಗೆ ಬಂದಾಗ ಗಿರಿಜೆ ಕುರ್ಚಿ ಹಾಕಿಕೊಂಡು ನಿಂತು ಫೋಟೋದ ಮೇಲಿನ ಗಂಧದ ಹಾರ ತೆಗೆಯುತ್ತಿದ್ದಳು. "ಅದನ್ನ ಒಗದ ಬಿಡು, ಇನ್ನ ಮ್ಯಾಲ ನನಗ ಹಾರ ತುರಾಯಿ ಏನೂ ಬೇಕಾಗಿಲ್ಲ" ಎಂದೆ, ಬಹಳ ದೊಡ್ಡ ಮನುಷ್ಯನ ಹಾಗೆ. ಅವಳು ಹಾರದ ಧೂಳನ್ನು ಮೆಲ್ಲಗೆ ಊದಿ, ಸನ್ಮಾನದ ಶಾಲಿನಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಇಟ್ಟು ಬೀಗ ಹಾಕಿದಳು. "ಇರಲಿ ಬಿಡ್ರಿ, ಚೊಲೋ ಹಾರ ಐತಿ. ನೀವು ಮತ್ತ ಸೈಕಲ್ ನಿಲ್ಲಿಸಿದ್ರ ಬೇಕಾಗತೈತಿ" ಎಂದಳು. ಈಗ ನಾನು ದಿನಾ ಬೆಳಗ್ಗೆ ಐದೂವರೆಗೆ ಗುತ್ತಲ ರಸ್ತೆಯಲ್ಲಿದ್ದೇನೆ. ಹೋದ ಹುರುಪು ಹೇಗೆ ಬಂತು ಎಂದು ಬಳಗದವರು ಕೇಳುತ್ತಾರೆ. ಇಳಿಜಾರಿನ ಗಾಳಿ ಎನ್ನುತ್ತೇನೆ, ದೊಡ್ಡವ್ವನ ಆಶೀರ್ವಾದ ಎನ್ನುತ್ತೇನೆ. ಎರಡೂ ಖರೆಯೇ. ಆದರೆ ಚಳಿಯಲ್ಲಿ ಎಂದಾದರೂ ಹೊದಿಕೆಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡರೆ, ಗಿರಿಜೆ ನನ್ನನ್ನು ಎಬ್ಬಿಸುವುದಿಲ್ಲ, ಕೂಗುವುದಿಲ್ಲ. ಎದ್ದು ಹೋಗಿ ಟ್ರಂಕಿನ ಬೀಗ ತೆಗೆಯುತ್ತಾಳೆ.